ಸ್ಪಿಟ್‌ಫೈರ್‌ನ ಟ್ರನಿಯನ್‌ಗೆ ಗ್ರೀಸ್ ಬೇಡ, ಎಣ್ಣೆ ಹಾಕಿ

ಟ್ರಯಂಫ್ ಸ್ಪಿಟ್‌ಫೈರ್‌ನ ಮುಂದಿನ ಸಸ್ಪೆನ್ಷನ್ ಪೂರ್ತಿ ಬಿಚ್ಚಿ ಹೊಸದಾಗಿ ಜೋಡಿಸಬೇಕೆಂದು ಬರುವವರು ಸಾಮಾನ್ಯವಾಗಿ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್, ಪಾಲಿ ಬುಷ್‌ಗಳ (ಕೀಲುಗಳಲ್ಲಿ ರಬ್ಬರಿನ ಬದಲು ಕೂರಿಸುವ ಗಟ್ಟಿ ಪ್ಲಾಸ್ಟಿಕ್ ಬಳೆಗಳ) ಮಾತು ಎತ್ತುತ್ತಾರೆ. ನಾನು ಮೊದಲು ನೋಡುವುದು ಟ್ರನಿಯನ್, ಅಂದರೆ ಮುಂದಿನ ಚಕ್ರ ಹೊತ್ತ ಕಂಬದ ಬುಡ ಕೂತು ತಿರುಗುವ ಕೀಲು.

1962ರಿಂದ 1980ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ಈ ಕಾರಿನ ಮುಂದಿನ ಸಸ್ಪೆನ್ಷನ್ ಬಂದದ್ದು ಟ್ರಯಂಫ್ ಹೆರಾಲ್ಡ್‌ನಿಂದ. ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಹೆಸರಿನಲ್ಲಿ ತಯಾರಾಗಿ ನಮ್ಮ ರಸ್ತೆಗಳಲ್ಲಿ ಓಡಿದ್ದೂ ಅದೇ ಕಾರು. ಹಾಗಾಗಿ ಇಲ್ಲಿ ಹೇಳುವ ಮುಖ್ಯ ಮಾತು ಹೆರಾಲ್ಡ್ ಇಟ್ಟುಕೊಂಡವರಿಗೂ ಅನ್ವಯಿಸುತ್ತದೆ.

ಚಕ್ರವನ್ನು ಹೊತ್ತ ಉಕ್ಕಿನ ಕಂಬದ ಮೇಲ್ತುದಿಯಲ್ಲಿ ಬಾಲ್ ಜಾಯಿಂಟ್ ಇದೆ. ಕೆಳತುದಿಯಲ್ಲಿ ಥ್ರೆಡ್ ಇದ್ದು, ಅದು ಕಂಚಿನ ಟ್ರನಿಯನ್ ಒಳಗೆ ಕೂರುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಉಕ್ಕಿನ ಥ್ರೆಡ್ ಕಂಚಿನೊಳಗೆ ತಿರುಗುತ್ತದೆ. ಅಂದರೆ ಆ ಥ್ರೆಡ್ಡೇ ಬೇರಿಂಗ್. ಅದರ ಸುತ್ತು ಸುತ್ತಿಗೂ ಎಣ್ಣೆ ಇಳಿಯಬೇಕು. ಅದಕ್ಕೇ ಟ್ರಯಂಫ್ ಹೇಳಿದ್ದು ಇಪಿ 90 ಗೇರ್ ಎಣ್ಣೆ. ಆದರೆ ಎಣ್ಣೆ ತುಂಬುವ ಜಾಗಕ್ಕೆ ಹಾಕುವುದು ಗ್ರೀಸ್ ನಿಪ್ಪಲ್ಲನ್ನೇ ಆದ್ದರಿಂದ ಕೈ ತಾನಾಗಿ ಗ್ರೀಸಿನತ್ತ ಹೋಗುತ್ತದೆ. ಗ್ರೀಸ್ ವರ್ಷಗಟ್ಟಲೆ ಒಳಗೆ ಕೂತು ಗಟ್ಟಿಯಾಗುತ್ತದೆ, ಹೊಸದಕ್ಕೆ ದಾರಿ ಬಿಡುವುದಿಲ್ಲ. ಮೇಲಿನ ಸೀಲ್ ಸವೆದಿದ್ದರೆ ಒಳಗಿಳಿದ ನೀರು ಅಲ್ಲೇ ನಿಂತು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣದು. ಒಂದು ದಿನ ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಕಂಬ ಮುರಿದು ಚಕ್ರ ಮಗುಚಿಕೊಳ್ಳುತ್ತದೆ. ನಿಧಾನದಲ್ಲಿ ಆದರೆ ಪುಣ್ಯ.

ಆದ್ದರಿಂದ ಕಂಬವನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಥ್ರೆಡ್‌ನ ಬುಡವನ್ನು ಬೆಳಕಿನಲ್ಲಿ ಹಿಡಿದು ನೋಡಿ. ತುಕ್ಕು ತಿಂದ ಗುಳಿ ಒಂದೇ ಒಂದು ಕಂಡರೂ ಅದು ಗುಜರಿಗೆ. ವೆಲ್ಡಿಂಗ್ ಮಾಡಿ ಉಳಿಸುವ ವಸ್ತು ಇದಲ್ಲ. ಟ್ರನಿಯನ್ನೂ ಜೊತೆಗೇ ಬದಲಾಯಿಸುವುದು ಲೇಸು. ಎಡ ಬಲದ ಥ್ರೆಡ್‌ಗಳು ಒಂದಕ್ಕೊಂದು ವಿರುದ್ಧ, ಅದಲು ಬದಲು ಆಗಬಾರದು. ಹೊಸ ಸೀಲ್ ಹಾಕಿ, ಟ್ರನಿಯನ್ನನ್ನು ಪೂರ್ತಿ ಒಳಕ್ಕೆ ತಿರುಗಿಸಿ, ಆಮೇಲೆ ಸರಿಯಾದ ದಿಕ್ಕಿಗೆ ಬರುವಷ್ಟು ಮಾತ್ರ ಹಿಂದಕ್ಕೆ ತನ್ನಿ. ಬಿಗಿಯಾಗಿ ಕೂರಿಸಿಬಿಟ್ಟರೆ ಸ್ಟೀರಿಂಗ್ ಒಂದು ಕಡೆಗೆ ತಿರುಗಲು ಜಾಗವೇ ಇರುವುದಿಲ್ಲ.

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಾಗಿಯೇ ಕಾರಿನಿಂದ ಹೊರಬರುತ್ತವೆ. ಅವೆರಡನ್ನು ಬೇರ್ಪಡಿಸಲು ಮಾತ್ರ ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು, ಹಗ್ಗ ತಂತಿಗಳ ಸಾಹಸ ಬೇಡ.

ಬುಷ್‌ಗಳಲ್ಲಿ ನನ್ನ ಒಲವು ರಬ್ಬರಿನ ಕಡೆಗೆ. ರಸ್ತೆಯ ಮೇಲೆ ಓಡುವ ಕಾರಿಗೆ ಅದರ ಮೃದುತನ ಒಪ್ಪುತ್ತದೆ. ಆದರೆ ಚಕ್ರ ಜೋತಾಡುತ್ತಿರುವಾಗ ಒಳಗಿನ ಬೋಲ್ಟ್‌ಗಳನ್ನು ಪೂರ್ತಿ ಬಿಗಿಯಬೇಡಿ. ಕಾರು ಕೆಳಗಿಳಿದ ಕೂಡಲೇ ರಬ್ಬರ್ ತಿರುಚಿಕೊಂಡು, ನಿಂತಲ್ಲೇ ಹರಿಯತೊಡಗುತ್ತದೆ. ಚಕ್ರ ನೆಲಕ್ಕೂರಿ, ಕಾರಿನ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ.

ಕೆಳಗಿನ ವಿಷ್‌ಬೋನ್‌ನ (ಚಕ್ರವನ್ನು ಚಾಸಿಗೆ ಜೋಡಿಸುವ ತೋಳಿನ) ಬ್ರಾಕೆಟ್‌ಗಳ ಹಿಂದೆ ಇದ್ದ ಶಿಮ್‌ಗಳನ್ನು, ಅಂದರೆ ತೆಳು ಬಿಲ್ಲೆಗಳನ್ನು, ಬಿಚ್ಚುವಾಗಲೇ ಜಾಗ ಬರೆದು ಚೀಟಿ ಕಟ್ಟಿಡಿ, ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ನಿಂತಿರುವುದು ಅವುಗಳ ಮೇಲೆ. ಎಲ್ಲ ಮುಗಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಒಂದಷ್ಟು ಓಡಿಸಿ ಬಂದು ಬೋಲ್ಟ್‌ಗಳನ್ನೂ ಅಲೈನ್‌ಮೆಂಟನ್ನೂ ಇನ್ನೊಮ್ಮೆ ನೋಡಿ. ಗ್ರೀಸ್ ಗನ್ ಒಂದನ್ನು ಎಣ್ಣೆಗೆಂದೇ ಬೇರೆಯಾಗಿ ಇಟ್ಟು, ಮೈಮೇಲೆ ದೊಡ್ಡದಾಗಿ ‘ಇಪಿ 90’ ಎಂದು ಬರೆಯಿರಿ.