ಯಂತ್ರ ಕಡ್ಡಾಯವಾಗುವ ಮೊದಲು

ಬೇಡ್ತಿ ನದಿಗೆ ಅಣೆಕಟ್ಟು ಕಟ್ಟುವ ಜಲವಿದ್ಯುತ್ ಯೋಜನೆ ಬಂದಾಗ ಶಿರಸಿ ಸೀಮೆಯ ಅಡಿಕೆ ಬೆಳೆಗಾರರು ವಿರೋಧದ ಘೋಷಣೆಗಷ್ಟೇ ನಿಲ್ಲಲಿಲ್ಲ. 1981ರಲ್ಲಿ ಶಿರಸಿಯಲ್ಲಿಯೇ ವಿಚಾರ ಸಂಕಿರಣ ನಡೆಯಿತು. ವಿಜ್ಞಾನಿಗಳನ್ನೂ ತಂತ್ರಜ್ಞರನ್ನೂ ಕರೆಸಿ, ಉತ್ಪಾದನೆಯಾಗುವ ವಿದ್ಯುತ್ತಿನ ಎದುರು ಮುಳುಗುವ ಕಾಡು–ತೋಟಗಳ ಬೆಲೆಯನ್ನಿಟ್ಟು ಲೆಕ್ಕ ಹಾಕಲಾಯಿತು. ಯೋಜನೆ ಆಗ ಮುಂದುವರಿಯಲಿಲ್ಲ. ಇದೇ ಉತ್ತರ ಕನ್ನಡ ಜಿಲ್ಲೆಯಲ್ಲಿ ಪಹಣಿ, ಪಡಿತರ, ಪಿಂಚಣಿ, ಕೂಲಿಯ ಹಾಜರಿ ಎಲ್ಲವೂ ಒಂದೊಂದಾಗಿ ಕಂಪ್ಯೂಟರಿನೊಳಗೆ ಹೋದಾಗ ಅಂಥ ಲೆಕ್ಕವನ್ನು ಯಾರೂ ಕೇಳಲಿಲ್ಲ. ಅದು ಸಹಜವೂ ಹೌದು: ಅಣೆಕಟ್ಟಿಗೆ ಮುಳುಗಡೆಯ ನಕ್ಷೆಯಿರುತ್ತದೆ, ತಂತ್ರಾಂಶಕ್ಕೆ ಇರುವುದಿಲ್ಲ.

ಸಾರ್ವಜನಿಕ ಮಾಹಿತಿ ವ್ಯವಸ್ಥೆಯೊಂದನ್ನು ಜಾರಿಗೆ ತರುವುದೆಂದರೆ ಎರಡು ಬೇರೆ ಬೇರೆ ತೀರ್ಮಾನಗಳು. ಹೊಸದನ್ನು ಆರಂಭಿಸುವುದು ಮೊದಲನೆಯದು. ಅದಕ್ಕೆ ಉದ್ಘಾಟನೆ, ಭಾಷಣ, ಪತ್ರಿಕೆಯಲ್ಲಿ ಚಿತ್ರ ಎಲ್ಲ ಇರುತ್ತವೆ. ಹಳೆಯ ದಾರಿಯನ್ನು ಮುಚ್ಚುವುದು ಎರಡನೆಯದು, ಮತ್ತು ಅದು ಬಹುಮಟ್ಟಿಗೆ ಒಂದು ಸುತ್ತೋಲೆಯಲ್ಲಿ ಮುಗಿದುಹೋಗುತ್ತದೆ. ಜನರ ಬದುಕನ್ನು ನಿಜವಾಗಿ ಬದಲಿಸುವುದು ಈ ಎರಡನೆಯದೇ ಎಂಬುದು ನನ್ನ ಅಭಿಪ್ರಾಯ.

ಕರ್ನಾಟಕದ ‘ಭೂಮಿ’ ಯೋಜನೆಯನ್ನೇ ನೋಡಬಹುದು. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಲಾಯಿತು. ಕೆಲಸ ಮುಗಿದ ತಾಲೂಕುಗಳಲ್ಲಿ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸಾರಲಾಯಿತು. ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿತು, 15 ರೂಪಾಯಿಗೆ ಪಹಣಿ ಸಿಗುವಂತಾಯಿತು. ಆ ಲಾಭ ಸಣ್ಣದಲ್ಲ. ಆದರೆ ಎರಡೂ ದಾರಿಗಳನ್ನು ತೆರೆದೇ ಇಟ್ಟಿದ್ದರೆ ಈ ಸುಧಾರಣೆ ಬಹುಶಃ ನೆಲೆಯೂರುತ್ತಲೇ ಇರಲಿಲ್ಲ. ಹಾಗಾಗಿ ಹಳೆಯದನ್ನು ಎಂದಿಗೂ ಮುಚ್ಚಬಾರದೆಂದು ಹೇಳಲಾಗದು. ಯಾವ ಪುರಾವೆಯ ಮೇಲೆ ಮುಚ್ಚುತ್ತೇವೆ ಎಂಬುದೇ ಪ್ರಶ್ನೆ.

ಪುರಾವೆ ಎಂದಾಗ ಎದುರಿಗೆ ಬರುವುದು ಶೇಕಡಾವಾರು ಯಶಸ್ಸು. ಬೆರಳಿನ ಗುರುತು ಪಡೆಯುವ ಯಂತ್ರವೊಂದು ಶೇ. 98ರಷ್ಟು ಸಲ ಸರಿಯಾಗಿ ಗುರುತಿಸುತ್ತದೆಂದು ಊಹಿಸಿಕೊಳ್ಳೋಣ. 2011ರ ಜನಗಣತಿಯಂತೆ ಉತ್ತರ ಕನ್ನಡದ ಜನಸಂಖ್ಯೆ 14.37 ಲಕ್ಷ. ಸೋಲು ಕೇವಲ ಆಕಸ್ಮಿಕವಾಗಿದ್ದು, ಪ್ರತಿಯೊಬ್ಬರಿಗೂ ಮೂರು ಅವಕಾಶ ಕೊಟ್ಟರೆ, ಮೂರು ಸಲವೂ ಸೋಲುವವರು ಇಡೀ ಜಿಲ್ಲೆಯಲ್ಲಿ ಹನ್ನೆರಡು ಮಂದಿಯೂ ಆಗುವುದಿಲ್ಲ. ಆದರೆ ಅದೇ ಶೇ. 2 ಎಂಬುದು ಬೆರಳಿನ ಗೆರೆ ಸವೆದವರದೇ ಆಗಿದ್ದರೆ, ಅಂದರೆ ವರ್ಷಗಟ್ಟಲೆ ಅಡಿಕೆ ಸುಲಿದವರು, ಬಲೆ ಎಳೆದವರು, ಕಲ್ಲು ಹೊತ್ತವರು, ಮುಪ್ಪಿನವರು ಇವರದೇ ಆಗಿದ್ದರೆ, ಎಷ್ಟು ಸಲ ಒತ್ತಿಸಿದರೂ ಫಲವಿಲ್ಲ. 28 ಸಾವಿರಕ್ಕೂ ಹೆಚ್ಚು ಜನ ಪ್ರತಿ ತಿಂಗಳೂ ಹೊರಗುಳಿಯುತ್ತಾರೆ. ವಾಸ್ತವ ಈ ಎರಡರ ನಡುವೆ ಎಲ್ಲೋ ಇರುತ್ತದೆ. ವರದಿಯಲ್ಲಿ ಮಾತ್ರ ಎರಡೂ ಶೇ. 98 ಎಂದೇ ಕಾಣುತ್ತವೆ. ಆದ್ದರಿಂದ ಎಷ್ಟು ಸಲ ಸೋತಿತು ಎಂಬುದರ ಜೊತೆಗೆ ಯಾರಿಗೆ ಸೋತಿತು, ಮರುತಿಂಗಳೂ ಅವರಿಗೇ ಸೋತಿತೇ ಎಂದು ಅಳೆಯದ ಪರೀಕ್ಷೆಯನ್ನು ಪರೀಕ್ಷೆ ಎನ್ನುವುದು ಕಷ್ಟ.

ಪ್ರಯೋಗ ಎಲ್ಲಿ ನಡೆಯಿತೆಂಬುದೂ ಅಷ್ಟೇ ಮುಖ್ಯ. ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ದಿನಕ್ಕೆರಡು ಸಲ ಮೊಬೈಲಿನಲ್ಲಿ ಫೋಟೊ ತೆಗೆದು ಹಾಜರಿ ದಾಖಲಿಸುವ ಆ್ಯಪ್ 2021ರಲ್ಲಿ ಪ್ರಾಯೋಗಿಕವಾಗಿ ಬಂದು, 2023ರ ಜನವರಿಯಿಂದ ಕಡ್ಡಾಯವಾಯಿತು. ಕಾರವಾರದ ಪೇಟೆಯಲ್ಲಿ ನಿಂತು ನೋಡಿದರೆ ಅದು ಕ್ಷಣದ ಕೆಲಸ. ಜೋಯಿಡಾದ ಕಾಡಿನ ಊರುಗಳಲ್ಲಿ, ಅದರಲ್ಲೂ ಮಳೆ ಹಿಡಿದು ಕರೆಂಟು ಹೋದ ದಿನಗಳಲ್ಲಿ, ನೆಟ್‌ವರ್ಕ್ ಹುಡುಕುವುದೇ ಒಂದು ಕೆಲಸವಾಗುತ್ತದೆ.

ತಂತ್ರಜ್ಞಾನದ ಪರಿಣಾಮ ತಿಳಿಯದಿರುವಾಗ ಅದನ್ನು ತಿದ್ದುವುದು ಸುಲಭ, ತಿಳಿಯುವ ಹೊತ್ತಿಗೆ ತಿದ್ದುವುದು ಕಷ್ಟ ಎಂಬ ಇಕ್ಕಟ್ಟನ್ನು ಬ್ರಿಟನ್ನಿನ ಚಿಂತಕ ಡೇವಿಡ್ ಕಾಲಿಂಗ್‌ರಿಜ್ 1980ರಲ್ಲಿಯೇ ವಿವರಿಸಿದ್ದರು. ಆಧಾರ್ ಇದಕ್ಕೆ ನಮ್ಮದೇ ಸಾಕ್ಷಿ. ಮೊದಲ ಸಂಖ್ಯೆ 2010ರಲ್ಲಿ ಬಂತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅದನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕಾಯ್ದೆ ಆದದ್ದು 2016ರಲ್ಲಿ. ಅಂತಿಮ ತೀರ್ಪು 2018ರಲ್ಲಿ. ಅಷ್ಟರಲ್ಲಿ ನೂರು ಕೋಟಿ ಮೀರಿ ಜನ ನೋಂದಾಯಿಸಿಕೊಂಡಿದ್ದರು. ಬ್ರಿಟನ್ 2006ರಲ್ಲಿ ಕಾಯ್ದೆ ಮಾಡಿ ಆರಂಭಿಸಿದ ಗುರುತುಚೀಟಿಯನ್ನು 2010ರಲ್ಲಿ ರದ್ದುಪಡಿಸಲು ಸಾಧ್ಯವಾದದ್ದು, ಅದಿನ್ನೂ ಕೆಲವೇ ಸಾವಿರ ಜನರ ಕೈ ಸೇರಿದ್ದರಿಂದಲೂ ಇರಬೇಕು.

ಹಿಂದಕ್ಕೆ ಹೆಜ್ಜೆಯಿಟ್ಟು ಮತ್ತೆ ಮುಂದೆ ಹೋದ ಉದಾಹರಣೆಯೂ ನಮ್ಮಲ್ಲಿದೆ. 1982ರಲ್ಲಿ ಕೇರಳದ ಪರವೂರಿನ 50 ಮತಗಟ್ಟೆಗಳಲ್ಲಿ ಮತಯಂತ್ರ ಬಳಸಿದಾಗ, ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲವೆಂದು ಸುಪ್ರೀಂ ಕೋರ್ಟು 1984ರಲ್ಲಿ ಹೇಳಿತು. ಆ ಮತಗಟ್ಟೆಗಳಲ್ಲಿ ಕಾಗದದ ಮತಪತ್ರದಿಂದಲೇ ಮರುಮತದಾನವಾಯಿತು. ಕಾಯ್ದೆಯ ತಿದ್ದುಪಡಿಗೆ 1989ರವರೆಗೆ ಕಾಯಬೇಕಾಯಿತು, ಮತ ಖಾತರಿಯ ಚೀಟಿ ಬಂದದ್ದು 2013ರಲ್ಲಿ. ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 2009ರಲ್ಲಿ ಇನ್ನೂ ಕಠಿಣವಾದ ಅಳತೆಗೋಲನ್ನಿಟ್ಟಿತು: ಚುನಾವಣೆಯ ಮುಖ್ಯ ಹಂತಗಳನ್ನು ವಿಶೇಷ ತಾಂತ್ರಿಕ ಜ್ಞಾನವಿಲ್ಲದ ನಾಗರಿಕನೂ ಪರಿಶೀಲಿಸಲು ಸಾಧ್ಯವಾಗಬೇಕು. ಎಲ್ಲ ವ್ಯವಸ್ಥೆಗೂ ಇಷ್ಟು ಬಿಗಿಯಾದ ನಿಯಮ ಹೊಂದಲಾರದು. ಪಡಿತರದ ಸರ್ವರ್ ಹೇಗೆ ನಡೆಯುತ್ತದೆಂದು ಕಾರ್ಡುದಾರರು ತಿಳಿಯಬೇಕಿಲ್ಲ. ಅಕ್ಕಿ ಏಕೆ ಸಿಗಲಿಲ್ಲ, ಯಾರು ಸರಿಪಡಿಸುತ್ತಾರೆ, ಎಷ್ಟು ದಿನದಲ್ಲಿ ಎಂಬುದು ಗೊತ್ತಾಗಬೇಕು.

ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ಜನರನ್ನು ತಟ್ಟುವ ಮುಖ್ಯ ನೀತಿಗಳನ್ನು ರೂಪಿಸುವಾಗ ಸಂಬಂಧಿಸಿದ ಎಲ್ಲ ಸಂಗತಿಗಳನ್ನೂ ಸರ್ಕಾರ ತಾನಾಗಿಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಸೆಕ್ಷನ್ ಹೇಳುತ್ತದೆ. ತಾಲೂಕುವಾರು ಸೋಲಿನ ಲೆಕ್ಕ, ಪರ್ಯಾಯ ದಾರಿಯಿಂದ ಸೇವೆ ಪಡೆದವರ ಸಂಖ್ಯೆ, ಕಡ್ಡಾಯಗೊಳಿಸುವ ದಿನಾಂಕಕ್ಕೆ ಕೊಟ್ಟ ಕಾರಣ, ಇವಿಷ್ಟೂ ಸುತ್ತೋಲೆ ಹೊರಡುವ ಮೊದಲೇ ಗ್ರಾಮಸಭೆಗಳ ಮುಂದೆ ಬರಬೇಕಾದ ಸಂಗತಿಗಳು.