ಟೇಪಿನ ‘ಸ್ಸ್’ ಸದ್ದು ಅಡಗಿದ್ದು ಹೇಗೆ?

ಹಾಡು ಶುರುವಾಗುವ ಮುಂಚೆ ಕ್ಯಾಸೆಟ್‌ನಿಂದ ‘ಸ್ಸ್’ ಅಂತ ಸದ್ದು ಬರುತ್ತಿತ್ತು, ನೆನಪಿದೆಯಾ? ಅದು ಟೇಪಿನದೇ ಸದ್ದು. ಟೇಪಿಗೆ ಬಳಿದ ಐರನ್ ಆಕ್ಸೈಡಿನ ಒಂದೊಂದು ಕಣವೂ ಪುಟ್ಟ ಆಯಸ್ಕಾಂತ. ಆ ಕಣಗಳ ಏರುಪೇರನ್ನೂ ಹೆಡ್, ಅಂದರೆ ಟೇಪನ್ನು ಓದುವ ಭಾಗ, ಸದ್ದಾಗಿ ಓದಿಬಿಡುತ್ತದೆ. ಕ್ಯಾಸೆಟ್ ಟೇಪಿನ ಅಗಲ 4 ಮಿ.ಮೀ. ಕೂಡ ಇಲ್ಲ, ಓಟ ಸೆಕೆಂಡಿಗೆ 4.76 ಸೆಂ.ಮೀ. ಅಷ್ಟೇ. ಹೆಡ್ ಮುಂದೆ ಹಾಯುವ ಕಣಗಳು ಕಡಿಮೆ, ಹಾಗಾಗಿ ಸದ್ದು ಜಾಸ್ತಿ.

ಟ್ರೆಬಲ್, ಅಂದರೆ ಕೀರಲು ಸ್ವರಗಳನ್ನು, ತಗ್ಗಿಸಿದರೆ ಸದ್ದೇನೋ ಹೋಗುತ್ತದೆ. ಜೊತೆಗೆ ತಾಳದ ಕಿಣಿಕಿಣಿಯೂ ಹೋಗುತ್ತದೆ, ಅಲ್ವಾ? ಇದಕ್ಕೆ ದಾರಿ ಕಂಡುಕೊಂಡವರು ಅಮೆರಿಕದ ರೇ ಡಾಲ್ಬಿ. 1963ರಿಂದ ಎರಡು ವರ್ಷ ಯುನೆಸ್ಕೋ ಸಲಹೆಗಾರರಾಗಿ ಭಾರತದಲ್ಲಿದ್ದ ಅವರು, 1965ರಲ್ಲಿ ಲಂಡನ್‌ನಲ್ಲಿ ಕಂಪನಿ ಶುರುಮಾಡಿದರು. ‘ಸ್ಸ್’ ಅಡಗಿಸುವ ಉಪಾಯವನ್ನು ಮೊದಲು ಸ್ಟುಡಿಯೋಗೆ ಕೊಟ್ಟರು, 1968ರಲ್ಲಿ ಮನೆಯ ಟೇಪ್ ರೆಕಾರ್ಡರ್‌ಗೆ ಅದರ ಸರಳ ರೂಪ ‘ಡಾಲ್ಬಿ ಬಿ’ ಕೊಟ್ಟರು.

ಜೋರಾದ ಸಂಗೀತದಲ್ಲಿ ‘ಸ್ಸ್’ ತಾನೇ ಮುಚ್ಚಿಹೋಗುತ್ತದೆ. ಕಿವಿಗೆ ಚುಚ್ಚುವುದು ಮೆಲುದನಿಯ ಹೊತ್ತಿನಲ್ಲಿ ಮಾತ್ರ. ಹಾಗಾಗಿ ರೆಕಾರ್ಡ್ ಮಾಡುವಾಗ ಮೆಲುವಾದ ಟ್ರೆಬಲ್ ಅನ್ನಷ್ಟೇ ಸುಮಾರು 10 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಎತ್ತಬೇಕು. ‘ಸ್ಸ್’ ಸೇರಿಕೊಳ್ಳುವುದು ಆಮೇಲೆ, ಟೇಪಿನಲ್ಲಿ. ಕೇಳುವಾಗ ಎತ್ತಿದಷ್ಟನ್ನೇ ಇಳಿಸಿದರೆ ಸಂಗೀತ ಮೊದಲಿನಂತಾಗುತ್ತದೆ, ‘ಸ್ಸ್’ ಮಾತ್ರ ಕೆಳಗಿಳಿಯುತ್ತದೆ. ಎಷ್ಟು ಚೆಂದದ ಲೆಕ್ಕ!

ಆದರೆ ಎತ್ತಿದ್ದಕ್ಕೂ ಇಳಿಸುವುದಕ್ಕೂ ತಾಳೆಯಾಗಲೇಬೇಕು. ಈ ಎತ್ತುವ-ಇಳಿಸುವ ಕೆಲಸ ಮಾಡುವ ಅಡ್ವೆಂಟ್ 100ರಂಥ ಡಾಲ್ಬಿ ಪೆಟ್ಟಿಗೆಯನ್ನು ಆಂಪ್ಲಿಫೈಯರ್‌ಗೂ ಟೇಪ್ ಡೆಕ್‌ಗೂ ನಡುವೆ ಜೋಡಿಸುತ್ತಿದ್ದರು. 400 ಹರ್ಟ್ಸ್‌ನ ಒಂದೇ ಸ್ವರ ನುಡಿಸಿ, ಮೀಟರಿನ ಮುಳ್ಳು ಗುರುತಿಗೆ ಬರುವಂತೆ ತಿರುಪು ತಿರುಗಿಸಬೇಕಿತ್ತು. ಮಟ್ಟ ತಗ್ಗಿದ್ದರೆ ಪೆಟ್ಟಿಗೆ ಸದ್ದನ್ನು ತೀರಾ ಮೆಲು ಅಂದುಕೊಂಡು ಟ್ರೆಬಲ್ ಅನ್ನು ಬೇಕಾದ್ದಕ್ಕಿಂತ ಜಾಸ್ತಿ ಇಳಿಸುತ್ತದೆ. ಹಾಡು ಕಂಬಳಿ ಹೊದ್ದಂತೆ ಕೇಳುತ್ತದೆ.

‘ಸ್ಸ್’ ಅಡಗಿಸುವ ಇನ್ನೊಂದು ವಿಧಾನ, ಡೇವಿಡ್ ಬ್ಲ್ಯಾಕ್‌ಮರ್ ಅವರ ‘ಡಿಬಿಎಕ್ಸ್’, ಇನ್ನೂ ಜೋರು. ಇಡೀ ಸಂಗೀತದ ಏರಿಳಿತವನ್ನೇ ಅರ್ಧಕ್ಕೆ ಹಿಂಡಿ, ಕೇಳುವಾಗ ಮತ್ತೆ ಎರಡರಷ್ಟು ಹಿಗ್ಗಿಸುತ್ತಿತ್ತು. ಆದರೆ ಪಿಯಾನೋದ ಒಂಟಿ ಸ್ವರದ ಬೆನ್ನಿಗೆ ‘ಸ್ಸ್’ ಉಸಿರಾಡಿದಂತೆ ಏರಿ ಇಳಿಯುವುದುಂಟು. ಆ ಟೇಪನ್ನು ಸಾದಾ ಪ್ಲೇಯರ್‌ನಲ್ಲಿ ಕೇಳುವಂತೆಯೇ ಇಲ್ಲ. ಡಾಲ್ಬಿ ಬಿ ಟೇಪ್ ಎಲ್ಲಿ ಹಾಕಿದರೂ ಕೇಳಬಹುದು, ಟ್ರೆಬಲ್ ಸ್ವಲ್ಪ ಚುರುಕಾಗಿರುತ್ತದೆ ಅಷ್ಟೇ. ಮನೆಗೆ ಒಪ್ಪುವುದು ಇದೇ ಅಂತ ನನಗನ್ನಿಸುತ್ತದೆ.

ನಿಮ್ಮ ಹಳೇ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕುವಾಗ ಡಬ್ಬಿಯ ಮೇಲೆ ಡಾಲ್ಬಿಯ ಜೋಡಿ ‘ಡಿ’ ಗುರುತು ಇದೆಯಾ ನೋಡಿ. ಇದ್ದರೆ ಮೊದಲು ಹೆಡ್ ಒರೆಸಿ, ಆಮೇಲೆ ಡಾಲ್ಬಿ ಬಟನ್ ಒತ್ತಿ. ಹೆಡ್ ಕೊಳೆಯಾಗಿ ಟ್ರೆಬಲ್ ಕುಗ್ಗಿದ್ದರೆ ಡಾಲ್ಬಿ ಅದನ್ನು ಇನ್ನಷ್ಟು ಕುಗ್ಗಿಸುತ್ತದೆ.