ಒತ್ತೆ, ಕ್ಯಾಮೆರಾ, ದುಪಟ್ಟಾ: ಒಂದು ಓದಿನ ಟಿಪ್ಪಣಿ

ದಾವಣಗೆರೆಯ ನಮ್ಮ ಓದಿನ ಗುಂಪಿಗಾಗಿ ಬರೆದಿಟ್ಟ ಟಿಪ್ಪಣಿ ಇದು. ಲೈಂಗಿಕ ವೃತ್ತಿಯ ಮಹಿಳೆಯರು ತಮ್ಮ ಕಥೆಯನ್ನು ತಾವೇ ಹೇಳಿದ್ದು ಎಂಬ ವಿಷಯ ಬಂದ ಕೂಡಲೇ ಎಲ್ಲರೂ ಹೊರದೇಶದ ಹೆಸರು ಹುಡುಕಿದರು. ನಾನು 12ನೇ ಶತಮಾನದಿಂದ ಶುರು ಮಾಡುತ್ತೇನೆ.

ವಚನಕಾರ್ತಿ ಸೂಳೆ ಸಂಕವ್ವೆ. ಸಿಕ್ಕಿರುವುದು ಒಂದೇ ವಚನ, ಅಂಕಿತ ನಿರ್ಲಜ್ಜೇಶ್ವರ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ ಅಂದ ಹಾಗೆಯೇ ಇಲ್ಲೂ ಕಸುಬು ಹೆಸರಿನ ಮುಂದಿದೆ. ವಚನದ ಜೀವ ಇರುವುದು ‘ಒತ್ತೆ’ ಎಂಬ ಮಾತಿನಲ್ಲಿ, ಅಂದರೆ ಬಂದವನು ಕೊಡುವ ಹಣ. ಒಬ್ಬನ ಒತ್ತೆ ಹಿಡಿದ ಮೇಲೆ ಇನ್ನೊಬ್ಬನದು ಹಿಡಿಯುವಂತಿಲ್ಲ ಎನ್ನುತ್ತಾಳೆ. ತಪ್ಪಿದರೆ ಏನು ಶಿಕ್ಷೆ ಅನ್ನುವುದನ್ನೂ ಹೇಳುತ್ತಾಳೆ. ‘ಅಯ್ಯೋ ಪಾಪ’ ಅನ್ನಿ ಎಂದು ಎಲ್ಲೂ ಕೇಳುವುದಿಲ್ಲ. ತನ್ನ ಕಸುಬಿನ ಕರಾರನ್ನೇ ನಿಷ್ಠೆಯ ಅಳತೆ ಮಾಡಿಕೊಳ್ಳುತ್ತಾಳೆ. ಹೊರಗಿನವರು ಬರೆದಿದ್ದರೆ ಕಣ್ಣೀರು ಬರುತ್ತಿತ್ತು, ಒತ್ತೆ ಬರುತ್ತಿರಲಿಲ್ಲ.

ಇದೇ ಕಣ್ಣಿನಿಂದ, ಇದೇ ವೃತ್ತಿಯಲ್ಲಿದ್ದ ಕೇರಳದ ನಳಿನಿ ಜಮೀಲಾ ಅವರನ್ನು ನೋಡಿ. ಥಾಯ್ಲೆಂಡಿನಲ್ಲಿ ಕ್ಯಾಮೆರಾ ತರಬೇತಿ ಪಡೆದು ಸಾಕ್ಷ್ಯಚಿತ್ರ ಮಾಡಿದವರು. 2005ರಲ್ಲಿ ಅವರ ಆತ್ಮಕಥೆ ಬಂತು. ಬೇರೆಯವರ ನೆರವಿನಿಂದ ಬರೆದ ಆ ಮೊದಲ ರೂಪ ಅವರಿಗೇ ಒಪ್ಪಿಗೆಯಾಗಲಿಲ್ಲ. ತಿದ್ದಿ, ಮತ್ತೆ ಹೊರತಂದರು. ನನಗೆ ಪುಸ್ತಕಕ್ಕಿಂತ ಈ ತಿದ್ದುಪಡಿಯೇ ಜಾಸ್ತಿ ಪಾಠ ಅನ್ನಿಸುತ್ತದೆ. ‘ನನ್ನ ಕಥೆ’ ಎಂದು ಮುಖಪುಟದಲ್ಲಿದ್ದರೆ ಸಾಲದು, ಅಲ್ವಾ?

ಹೆಸರಿನ ಜಗಳವೂ ಇದೇ. ‘ಸೆಕ್ಸ್ ವರ್ಕ್’ ಎಂಬ ಮಾತನ್ನು 1970ರ ದಶಕದ ಕೊನೆಯಲ್ಲಿ ಚಲಾವಣೆಗೆ ತಂದ ಅಮೆರಿಕದ ಕ್ಯಾರಲ್ ಲೇ ಸ್ವತಃ ಆ ವೃತ್ತಿಯವರು, ವಿಡಿಯೊ ಕಲಾವಿದೆ. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಂಥವರ ಚಿತ್ರೋತ್ಸವ ಶುರು ಮಾಡಿದರು. ನಮ್ಮ ಸರ್ಕಾರಿ ಕಡತದಲ್ಲಿ ‘ದಮನಿತ ಮಹಿಳೆಯರು’ ಅಂತಿದೆ. ಪತ್ರಿಕೆಯಲ್ಲಿ ‘ಲೈಂಗಿಕ ಕಾರ್ಯಕರ್ತೆ’. (ಕಾರ್ಯಕರ್ತೆ ಅಂದರೆ ನನಗೆ ಅಂಗನವಾಡಿಯೇ ನೆನಪಾಗುತ್ತದೆ.) ಮೊದಲನೆಯದರಲ್ಲಿ ಕೆಲಸವೇ ಕಾಣುವುದಿಲ್ಲ, ದಮನ ಮಾತ್ರ.

ಈಗ ಮುಖದ ವಿಷಯ. ಟಿವಿಯಲ್ಲಿ ದಾಳಿಯ ಸುದ್ದಿ ಬಂದರೆ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಓಡುವ ಹೆಂಗಸರು, ಹಿಂದೆಯೇ ಓಡುವ ಕ್ಯಾಮೆರಾ. 2022ರ ಮೇ 19ರಂದು ಸುಪ್ರೀಂ ಕೋರ್ಟ್ ಒಂದು ಆದೇಶದಲ್ಲಿ ದಾಳಿ, ಬಂಧನ, ರಕ್ಷಣೆಯ ಹೊತ್ತಿನಲ್ಲಿ ಇವರ ಗುರುತು ಹೊರಬೀಳದಂತೆ ಮಾಧ್ಯಮಗಳು ಎಚ್ಚರ ವಹಿಸಬೇಕು ಎಂದಿತು. ಆರೋಪಿಯಾಗಿರಲಿ, ಸಂತ್ರಸ್ತೆಯಾಗಿರಲಿ.

ಅವರೇ ಚಿತ್ರ ಮಾಡಿದಾಗಲೂ ಎಷ್ಟೋ ಸಲ ಮುಖ ಕಾಣದಿರಬಹುದು. ಬರೀ ಕೈ, ಧ್ವನಿ, ಒಲೆಯ ಮೇಲಿನ ಪಾತ್ರೆ. ನೋಡಲು ಎರಡೂ ಒಂದೇ ಥರ. ಆದರೆ ಇಲ್ಲಿ ಏನು ಮುಚ್ಚಬೇಕು ಎಂದು ಗೊತ್ತು ಮಾಡಿದವಳು ಅವಳೇ. ಹಾಗಾಗಿ ಇಂಥ ಚಿತ್ರ ನೋಡುವಾಗ ಏನು ತೋರಿಸಿದರು ಅನ್ನುವುದರ ಜೊತೆ ಏನು ಬಿಟ್ಟರು ಎಂದೂ ಬರೆದುಕೊಳ್ಳಿ. ಮುಖ ಮುಚ್ಚಿದರೆ ಮುಗಿಯಿತು ಅಂದುಕೊಳ್ಳಬೇಡಿ. ನಮ್ಮ ಕಡೆ ಬಾಗಿಲ ಬಣ್ಣ ನೋಡಿಯೇ ಯಾರ ಮನೆ ಅಂತ ಹೇಳುವವರಿದ್ದಾರೆ.